ಮಾಸ್ತರರ ಹಲ್ಲು, ನನ್ನ ಪಿಸ್ತೂಲು

ನಾನು ಪಿಸ್ತೂಲು ಮಾಡಲು ಹೋದದ್ದು ಬೆಂಡೋಲೆ ಮಾಡುವ ಆಸೆಯಿಂದ. ಕೇಳಿದವರು ನಗುತ್ತಾರೆ, ನಗಲಿ. ನಾವಿರುವ ಕೆರೊಲೈನಾದ ಏಪೆಕ್ಸ್ ಎಂಬ ಊರಿನಿಂದ ಸ್ವಲ್ಪ ದೂರದಲ್ಲಿ ಒಂದು ಕಮ್ಯುನಿಟಿ ಕಾಲೇಜಿದೆ. ಹಗಲೆಲ್ಲ ದುಡಿದು ಬಂದ ದೊಡ್ಡವರಿಗೆ ಅಲ್ಲಿ ಸಂಜೆ ಹೊತ್ತು ಏನಾದರೊಂದು ಕಲಿಸುತ್ತಾರೆ: ಬ್ರೆಡ್ ಬೇಯಿಸುವುದು, ಕುರ್ಚಿಗೆ ಬಟ್ಟೆ ಹೊದಿಸುವುದು, ಜೇನು ಸಾಕುವುದು. ಕೊರೊನಾ ಜೋರಾಗಿದ್ದ ಕಾಲದಲ್ಲಿ ಮನೆ ಕ್ಲಿನಿಕ್ಕು, ಕ್ಲಿನಿಕ್ಕು ಮನೆ ಎಂದು ಗಾಣದೆತ್ತಿನ ಹಾಗೆ ತಿರುಗಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಅದು ತುಸು ಇಳಿದ ಮೇಲೆ, ಏನಾದರೂ ಕೈಕೆಲಸ ಕಲಿಯಲೇಬೇಕೆಂದು ಹಟ ಹಿಡಿದೆ.

ಕೈಕೆಲಸವೇ ನನ್ನ ಹೊಟ್ಟೆಪಾಡು ಎನ್ನುವುದು ಬೇರೆ ಮಾತು. ನಾನು ಹಲ್ಲಿನ ಡಾಕ್ಟರು, ಅದರಲ್ಲೂ ಹಲ್ಲುಸೆಟ್ಟು ಕಟ್ಟುವವಳು. ಧಾರವಾಡದಲ್ಲಿ ಒಮ್ಮೆ ಕಲಿತು, ಅದು ಸಾಲದೆಂದು ಈ ದೇಶದಲ್ಲಿ ಇನ್ನೊಮ್ಮೆ ಕಲಿತು, ಈಗ ಇಲ್ಲಿಯ ಅಜ್ಜ ಅಜ್ಜಿಯರ ಬಾಯಿ ತುಂಬಿಸುತ್ತಿದ್ದೇನೆ. ಈ ಕಸುಬಿನಲ್ಲಿ ನನಗಿರುವುದು ಒಂದೇ ದುಃಖ. ಎಷ್ಟು ಚೆಂದ ಮಾಡಿಕೊಟ್ಟರೂ ಜನ ಅದನ್ನು ಬಾಯೊಳಗೆ ಹಾಕಿಕೊಂಡು, ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿಬಿಡುತ್ತಾರೆ. ನಾನು ಮಾಡಿದ್ದನ್ನು ನಾನೇ ಮತ್ತೆ ನೋಡುವಂತಿಲ್ಲ. ಹಾಗಾಗಿ ನಾಲ್ಕು ಜನಕ್ಕೆ ಕಾಣುವಂಥದ್ದೇನಾದರೂ ಮಾಡೋಣವೆಂದು ಒಡವೆ ಮಾಡುವ ತರಗತಿಗೆ ಅರ್ಜಿ ಹಾಕಲು ಕಂಪ್ಯೂಟರಿನ ಮುಂದೆ ಕುಳಿತೆ. ಅದು ಭರ್ತಿಯಾಗಿತ್ತು. ಅದರ ಕೆಳಗಿನ ಸಾಲಿನಲ್ಲಿ, ಬಿಡಿಭಾಗಗಳಿಂದ ಒಂದು ಕೈಬಂದೂಕನ್ನು ಅರ ಹಾಕಿ, ಕೂಡಿಸಿ, ಬಣ್ಣ ಕೊಟ್ಟು ಮುಗಿಸುವ ತರಗತಿಯಿತ್ತು. ಸೀಟು ಖಾಲಿಯಿತ್ತು. ಲೋಹ ಲೋಹವೇ ತಾನೇ ಎಂದು ಒತ್ತಿಬಿಟ್ಟೆ.

ನನ್ನ ಗಂಡ ಮೈಸೂರಿನವರು. ಬೇಡ ಎನ್ನುವುದಕ್ಕೂ "ಪರವಾಗಿಲ್ಲ" ಎನ್ನುವ ಪೈಕಿ. ಅಂದು ಮಾತ್ರ ಅವರ ಬಾಯಿಂದ ಆ ಮಾತು ಬರಲಿಲ್ಲ.

"ಏನೇ ಇದು? ಕಿವಿಗೆ ಹಾಕ್ಕೊಳೋದು ಕಲೀತೀನಿ ಅಂತ ಹೋಗಿ ಗನ್ ಕ್ಲಾಸ್‌ಗೆ ರಿಜಿಸ್ಟರ್ ಮಾಡಿದ್ಯಾ? ದೀಪಾವಳೀಲಿ ಸುರುಸುರುಬತ್ತಿ ಹಚ್ಚೋಕೂ ನನ್ನ ಕರೀತೀಯಲ್ಲೇ!"

"ಮಾಡೂದ ಬ್ಯಾರೆ, ಹಾರ್ಸೂದ ಬ್ಯಾರೆ," ಎಂದೆ. "ಬಳಿ ಮಾಡಾಂವ ತಾನ ಬಳಿ ಹಾಕ್ಕೊಂಡ ಅಡ್ಡಾಡ್ತಾನೇನು?"

ಪಿಸ್ತೂಲು ಮನೆಗೆ ಬರಕೂಡದು ಎಂದು ಅವರು ಒಂದು ಷರತ್ತು ಹಾಕಿದರು. ಅದಕ್ಕೆ ನಾನೂ ಒಪ್ಪಿದೆ. ಲೈಸೆನ್ಸ್ ಇರುವ ಅಂಗಡಿಯ ಮೂಲಕ, ನನ್ನ ಪೂರ್ವಾಪರವೆಲ್ಲ ವಿಚಾರಿಸಿಕೊಂಡ ಮೇಲೆ ಬಿಡಿಭಾಗಗಳು ಬಂದವು. ಅವುಗಳ ವಾಸ ಕಾಲೇಜಿನ ಕಬ್ಬಿಣದ ಬೀರುವಿನಲ್ಲಿ, ಬೀಗದೊಳಗೆ. ನಮ್ಮ ವರ್ಕ್‌ಶಾಪಿನೊಳಕ್ಕೆ ಗುಂಡು ಎನ್ನುವ ವಸ್ತುವಿಗೇ ಪ್ರವೇಶವಿರಲಿಲ್ಲ.

ಕಲಿಸುವ ಮಾಸ್ತರರು ಎಪ್ಪತ್ತು ದಾಟಿದ ಬಿಳಿಯ ಅಜ್ಜ. ಎತ್ತರದ ಆಳು. ಪ್ಯಾಂಟಿಗೆ ಬೆಲ್ಟೂ ಇತ್ತು, ಹೆಗಲಿನಿಂದ ಇಳಿದ ಪಟ್ಟಿಯೂ ಇತ್ತು. ಕೆರೊಲೈನಾದ ಹಳಬರ ಇಂಗ್ಲಿಷು ಅವರದು: ನಿಧಾನ, ಉದ್ದ, ಮಾತಿನ ಬಾಲದಲ್ಲೊಂದು ರಾಗ, ಪ್ರತಿ ವಾಕ್ಯಕ್ಕೂ ಒಂದು ಮರ್ಯಾದೆಯ "ಮ್ಯಾಮ್". ಅದು ನನ್ನ ಕಿವಿಯಲ್ಲಿ ನೇರವಾಗಿ ಧಾರವಾಡದ ಕನ್ನಡವಾಗಿ ಇಳಿಯುತ್ತಿತ್ತು. ಅದಕ್ಕೇ ಅವರ ಮಾತನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ. ಅವರ "ಮ್ಯಾಮ್" ನನ್ನ ಲೆಕ್ಕದಲ್ಲಿ "ಬಾಯಾರ". ಬೆಂಗಳೂರಿನ ಕನ್ನಡದಲ್ಲಿ ಬರೆದರೆ ಅವರು ಬೇರೆ ಯಾರೋ ಆಗಿಬಿಡುತ್ತಾರೆ.

ಮೊದಲ ದಿನ ಒಂದು ಹಳೆಯ ಖಾಲಿ ಪಿಸ್ತೂಲನ್ನು ಎತ್ತಿ ಹಿಡಿದು ಹೇಳಿದರು. "ಚಲೋ ಪಿಸ್ತೂಲಿನ ಗುರ್ತು ಒಂದ ಐತ್ರೀ. ಕಿವಿ ಹಂತ್ಯಾಕ ಹಿಡದು ಅಳ್ಳಾಡ್ಸಿದ್ರ ಸಪ್ಪಳ ಬರಬಾರದು. ಈ ಮ್ಯಾಲಿನ ಸ್ಲೈಡು ಕೆಳಗಿನ ಫ್ರೇಮಿನ ಮ್ಯಾಲೆ ನುಣ್ಣಗ ಜಾರಬೇಕು, ಖರೆ ಟಕ್ ಅನಬಾರದು."

"ಅನಬಾರದು" ಎನ್ನುವಷ್ಟರಲ್ಲಿ ಅವರ ಬಾಯೊಳಗೆ ಟಕ್ ಎಂದಿತು.

ನಾನು ಬೆಚ್ಚಿ ಸುತ್ತ ನೋಡಿದೆ. ಒಬ್ಬರ ಹುಬ್ಬೂ ಅಲುಗಲಿಲ್ಲ. ಎಲ್ಲರೂ ತಮ್ಮ ತಮ್ಮ ಮೇಜಿನ ಮೇಲೆ ಲೋಹವನ್ನು ಕಚ್ಚಿ ಹಿಡಿಯುವ ವೈಸನ್ನು ಈಗಷ್ಟೇ ಕಂಡವರಂತೆ ನೋಡುತ್ತಿದ್ದರು. ಮಾಸ್ತರರು ಮುಂದುವರಿಸಿದರು. ಟಕ್. ಕೆಳಗಿನ ಸೆಟ್ಟು ಅದು, ನನಗೆ ಕೇಳಿದ ಕೂಡಲೇ ಗೊತ್ತಾಯಿತು. ವಯಸ್ಸಾದಂತೆ ಒಸಡು ಸವೆಯುತ್ತದೆ, ಸೆಟ್ಟು ಮಾತ್ರ ಹಳೆಯ ಒಸಡಿನ ಅಳತೆಯದೇ ಇರುತ್ತದೆ. ನಾಲಿಗೆ ಎದ್ದಾಗ ಅದೂ ಏಳುತ್ತದೆ, ಬಿದ್ದಾಗ ಸದ್ದು ಮಾಡುತ್ತದೆ. ಬೆಲ್ಟು ಪಟ್ಟಿ ಎರಡನ್ನೂ ಕಟ್ಟುವ ಮನುಷ್ಯ ಬಾಯೊಳಗಿನದನ್ನು ದೇವರ ಮೇಲೆ ಬಿಟ್ಟಿದ್ದರು. ಅವತ್ತು ಅವರು ಹೇಳಿಕೊಟ್ಟದ್ದೊಂದೂ ನನ್ನ ತಲೆಗೆ ಹೋಗಲಿಲ್ಲ. ತರಗತಿಯುದ್ದಕ್ಕೂ ನನ್ನ ಬೆರಳುಗಳು ಅವರ ದವಡೆಯ ಕಡೆಗೇ ತುಡಿಯುತ್ತಿದ್ದವು.

ಕೆಲಸ ಮಾತ್ರ ನನಗೆ ಹಿಡಿಸಿಬಿಟ್ಟಿತು. ಉಳಿದವರು ಅರವನ್ನು ಗರಗಸದಂತೆ ಎಳೆದಾಡಿ ಬೈಸಿಕೊಳ್ಳುತ್ತಿದ್ದರು. ನಾನು ಇಪ್ಪತ್ತು ವರ್ಷ ಜನರ ಹಲ್ಲು ಸವರಿದವಳು, ನನ್ನ ಕೈ ತಾನಾಗಿಯೇ ಹಗುರ. ಸ್ಲೈಡು ಫ್ರೇಮಿಗೆ ಎಲ್ಲಿ ತಾಗುತ್ತದೆ, ಎಲ್ಲಿ ಬಿಗಿಯಾಗುತ್ತದೆ ಎಂದು ತಿಳಿಯಲು ಅವರೆಲ್ಲ ನೀಲಿ ಮಸಿ ಬಳಿದು, ಕೈ ಮುಖ ಎಲ್ಲ ಮಸಿ ಮಾಡಿಕೊಂಡು ಒದ್ದಾಡುತ್ತಿದ್ದರು. ಅದನ್ನು ನೋಡಲಾರದೆ ನಾನೊಂದು ದಿನ ಕ್ಲಿನಿಕ್ಕಿನಿಂದ ಕಚ್ಚಿಸುವ ಕಾಗದ ತಂದೆ. ಹಲ್ಲು ಕೂಡಿಸಿದ ಮೇಲೆ ಪೇಷಂಟಿನ ಹಲ್ಲಿನ ನಡುವೆ ಇಟ್ಟು ಕಚ್ಚಿಸುತ್ತೇವಲ್ಲ, ಆ ತೆಳ್ಳಗಿನ ನೀಲಿ ಕಾಗದ. ಎಲ್ಲಿ ಎತ್ತರವೋ ಅಲ್ಲಿ ಚುಕ್ಕೆ ಬೀಳುತ್ತದೆ. ಅದನ್ನು ಸ್ಲೈಡಿನ ಕೆಳಗೆ ತೂರಿಸಿದೆ, ಒತ್ತಿದೆ. ಆಮೇಲೆ ನನಗರಿವಿಲ್ಲದೆಯೇ, ರೂಢಿಯ ಬಲದಿಂದ, ಪಿಸ್ತೂಲಿಗೆ ಗಟ್ಟಿಯಾಗಿ ಹೇಳಿದೆ: "ನಿಧಾನಕ್ಕೆ ಕಚ್ಚಿ. ಹಾಂ. ಈಗ ಅಕ್ಕಪಕ್ಕ ಉಜ್ಜಿ. ನೋವಾಯಿತೇ?"

ಇಡೀ ವರ್ಕ್‌ಶಾಪು ಗೊಳ್ಳೆಂದಿತು. ನನ್ನ ಪಕ್ಕದ ವೈಸಿನ ಹೆಂಗಸು, ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದವಳು, ನಗು ತಡೆಯಲಾರದೆ ಮೇಜಿಗೆ ಹಣೆಯಿಟ್ಟಳು. ಮಾಸ್ತರರು ನಗಲಿಲ್ಲ. ಕಾಗದವನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು, ಚುಕ್ಕೆಗಳನ್ನು ನೋಡಿದರು. "ಬಾಯಾರ, ಇಂಥಾವು ಇನ್ನೂ ನಾಕು ತರಾಕ ಬರ್ತೈತೇನು?" ಎಂದರು. ಟಕ್.

ಮನೆಯಲ್ಲಿ ನನ್ನ ಹುಚ್ಚು ಮಿತಿ ಮೀರಿತು. ಸಿಕ್ಕಿದ್ದನ್ನೆಲ್ಲ ಕಿವಿಯ ಬಳಿ ಹಿಡಿದು ಅಲ್ಲಾಡಿಸತೊಡಗಿದೆ. ಮಸಾಲೆ ಡಬ್ಬಿ ಫೇಲು. ಕುಕ್ಕರಿನ ಹಿಡಿ ಫೇಲು. ಗಂಡನ ಕನ್ನಡಕ ಎರಡು ಸಲ ಫೇಲಾಗಿ, ಮೂರನೆಯ ಸಲ ನನ್ನ ಕೈಯಲ್ಲೇ ಎರಡಾಯಿತು. ಅವರು ಕುರ್ಚಿಯಿಂದ ಏಳುವಾಗ ಮೊಣಕಾಲು ಲಟಕ್ಕೆಂದರೆ ನಾನು ತಲೆಯೆತ್ತಿ ಗಂಭೀರವಾಗಿ ನೋಡುತ್ತಿದ್ದೆ. "ನನ್ನ ಮಂಡಿಗೆ ಅರ ಹಾಕ್ಬೇಡ್ವೇ, ಕೈ ಮುಗೀತೀನಿ," ಎನ್ನುತ್ತಿದ್ದರು. ಇಲ್ಲೇ ಹುಟ್ಟಿದ ಮಗಳು ತನ್ನ ಕೋಣೆಯ ಬಾಗಿಲಲ್ಲಿ ಅಡ್ಡ ನಿಂತು, "ಅಮ್ಮ, ಪ್ಲೀಸ್ ಡೋಂಟ್ ಶೇಕ್ ಮೈ ಥಿಂಗ್ಸ್, ನಾನ್ ಬೇಡ ಹೇಳಿದೀನಿ," ಎಂದು ನನ್ನನ್ನು ಹೊರಗೇ ತಡೆದಳು.

ನಡುವೆ ಆಯುಧ ಪೂಜೆ ಬಂತು. ಪ್ರತಿ ವರ್ಷ ನಮ್ಮ ಮನೆಯ ಆಯುಧಗಳೆಂದರೆ ಎರಡು ಕಾರು, ಲ್ಯಾಪ್‌ಟಾಪುಗಳು, ಮಿಕ್ಸಿ, ಹುಲ್ಲು ಕತ್ತರಿಸುವ ಮಷೀನು. ಆ ವರ್ಷ ನಿಜವಾದ ಆಯುಧವೇ ಇತ್ತು, ಆದರೆ ಬರುವಂತಿರಲಿಲ್ಲ. ಅದರ ಪ್ರತಿನಿಧಿಯಾಗಿ ನನ್ನ ಅರವನ್ನು ತಂದು ಮಣೆಯ ಮೇಲಿಟ್ಟೆ. ಗಂಡ ಭಕ್ತಿಯಿಂದ ಕುಂಕುಮ ಹಚ್ಚಿದರು, ಕೈ ತುಸು ಧಾರಾಳವಾಯಿತು. ಒರೆಸಲು ಮರೆತು ಹಾಗೇ ಕ್ಲಾಸಿಗೆ ಒಯ್ದೆ. ಅರದ ಸಂದಿಯಲ್ಲೆಲ್ಲ ಕೆಂಪು ಕಂಡ ಮಾಸ್ತರರು ಹೌಹಾರಿ ಫಸ್ಟ್ ಏಡ್ ಡಬ್ಬಿ ಹಿಡಿದು ಓಡಿ ಬಂದರು. "ಎಲ್ಲೆ ಕೊಯ್ಕೊಂಡ್ರಿ, ಬಾಯಾರ? ತೋರಸ್ರಿ!" ಅದು ದೇವರಿಗೆ ಹಚ್ಚುವ ಬಣ್ಣವೆಂದು ತಿಳಿಸಿ ಹೇಳುವಷ್ಟರಲ್ಲಿ ನನ್ನ ಹೆಬ್ಬೆರಳಿಗೆ ಪಟ್ಟಿ ಸುತ್ತಿ ಆಗಿತ್ತು.

ಇಷ್ಟು ಒಳ್ಳೆಯ ಮನುಷ್ಯನಿಗೆ ಯಾರೂ ಹಲ್ಲಿನ ವಿಷಯ ಹೇಳುತ್ತಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು. ಇಲ್ಲಿಯವರ ಮಾತು ಧಾರವಾಡದ್ದು, ನಡತೆ ಮಾತ್ರ ಪೂರ್ತಿ ಮೈಸೂರು. ಎದುರಿಗಿದ್ದವರ ಮನಸ್ಸು ನೋಯಬಾರದೆಂದು ಎದುರಿಗಿದ್ದವರ ಬಾಯಿಯನ್ನೇ ಕೆಡಲು ಬಿಡುತ್ತಾರೆ. ನನಗೆ ಆ ಕಲೆ ಇಲ್ಲ. ಒಂದು ಸಂಜೆ ಕ್ಲಾಸು ಮುಗಿದ ಮೇಲೆ ನೇರವಾಗಿ ಹೇಳಿದೆ. ಬಾಯಲ್ಲಿ ಬಂದದ್ದು ಇಂಗ್ಲಿಷು, ಒಳಗಿನಿಂದ ಎದ್ದದ್ದು ಊರ ಮಾತು.

"ಸಿಟ್ಟಾಗಬ್ಯಾಡ್ರಿ, ಮಾಸ್ತರ. ನಿಮ್ಮ ಕೆಳಗಿನ ಸೆಟ್ಟು ಸಡ್ಲಾಗೇತಿ. ಮಾತಾಡಿದ್ರ ಟಕ್ ಟಕ್ ಅಂತೈತಿ. ನಾ ಹೊಸಾದು ಮಾಡಿಕೊಡ್ತೇನಿ."

ಅವರ ಕಿವಿಯ ತುದಿ ಕೆಂಪಗಾಯಿತು. "ನನ್ನ ಹಲ್ಲು ಸಪ್ಪಳ ಮಾಡಂಗಿಲ್ರೀ."

"ಮಾಡ್ತಾವ್ರೀ."

"ಮಾಡಿದ್ರ ನನಗ ಕೇಳ್ತಿದ್ದಿಲ್ಲೇನು? ಬಾಯೀನೂ ನಂದ, ಕಿವೀನೂ ನಂದ. ಎರಡ್ರ ನಡಬರಕ ಒಂದ ಗೇಣಿಲ್ಲ!"

ಇಷ್ಟು ಹೇಳಿ ದೀಪ ಆರಿಸಿಬಿಟ್ಟರು. ಕತ್ತಲಲ್ಲಿ ತಡಕಾಡುತ್ತ ಹೊರಗೆ ಬಂದರೆ, ಪಾರ್ಕಿಂಗ್ ಲಾಟಿನಲ್ಲಿ ಬಸ್ಸಿನ ಹೆಂಗಸು ನನಗಾಗಿ ಕಾದಿದ್ದಳು. ಅವಳೂ ಮಾಸ್ತರರೂ ಒಂದೇ ಚರ್ಚಿನವರು. ಅವಳು ಹೇಳಿದ್ದು ಇಷ್ಟು. ಮಾಸ್ತರರು ಚಿಕ್ಕಂದಿನಿಂದ ಚರ್ಚಿನ ಹಾಡಿನ ತಂಡದಲ್ಲಿದ್ದವರು. ದಪ್ಪ, ಆಳದ ದನಿ. ಈಚೆಗೆ ಹಾಡಿನ ನಡುವೆ ಮೈಕಿನಲ್ಲಿ ಟಕ್ ಟಕ್ ಕೇಳತೊಡಗಿತು. ಡ್ರಮ್ ಬಾರಿಸುವವನು, ತನ್ನ ಬೆನ್ನ ಹಿಂದೆ ಇನ್ಯಾರೋ ತಾಳ ಹಾಕುತ್ತಿದ್ದಾರೆ, ಅದೂ ತಪ್ಪು ತಾಳ, ಎಂದು ದೂರಿದ. ತಂಡದ ಮುಖ್ಯಸ್ಥ ಬಹಳ ನಯವಾಗಿ, ಸ್ವಲ್ಪ ದಿನ ದಣಿವಾರಿಸಿಕೊಳ್ಳಿ ಎಂದು ಮಾಸ್ತರರಿಗೆ ಹೇಳಿದ. ಕಾರಣ ಹೇಳಲಿಲ್ಲ. ಅಂದಿನಿಂದ ಅವರು ತಮ್ಮ ದನಿಗೇ ಮುಪ್ಪು ಬಂದಿದೆ ಎಂದುಕೊಂಡು ಕೊನೆಯ ಬೆಂಚಿನಲ್ಲಿ ತುಟಿ ಬಿಗಿದು ಕೂರುತ್ತಾರೆ. ಎಲ್ಲರೂ ಹಾಡುವಾಗಲೂ ಬಾಯಿ ತೆರೆಯುವುದಿಲ್ಲ.

"ಹಲ್ಲಿಂದ ಆತು ಅಂತ ಯಾರೂ ಹೇಳಲಿಲ್ಲೇನು?" ಎಂದೆ.

ಅವಳು ಗಾಬರಿಯಿಂದ ನನ್ನನ್ನು ನೋಡಿದಳು. "ಅಯ್ಯ, ಹಂಗ ಹ್ಯಾಂಗ ಹೇಳೂದ್ರೀ? ಪಾಪ, ಬ್ಯಾಸರ ಮಾಡ್ಕೊಳ್ಳಂಗಿಲ್ಲೇನು?"

ಮುಂದಿನ ವಾರ ನಾನು ಬಿಡಲಿಲ್ಲ, ಅದರ ಮುಂದಿನ ವಾರವೂ ಬಿಡಲಿಲ್ಲ. ಕೊನೆಗೆ ನನ್ನ ಕಾಟ ತಾಳಲಾರದೆ ಮಾಸ್ತರರು ಒಂದು ಕರಾರು ಮಾಡಿದರು. "ಕಡೀ ಕ್ಲಾಸಿನ್ಯಾಗ ಎಲ್ಲಾರ ಮುಂದ ನಿಮ್ಮ ಪಿಸ್ತೂಲು ಅಳ್ಳಾಡ್ಸತೇನಿ. ಸಪ್ಪಳ ಬರಲಿಲ್ಲಂದ್ರ ನನ್ನ ಬಾಯಿ ನಿಮ್ಮ ಕೈಯಾಗ. ಬಂತಂದ್ರ, ಹಲ್ಲಿನ ಮಾತು ಇನ್ನೊಮ್ಮೆ ಎತ್ತಬಾರದು." ನಾನು ಕೈ ಕುಲುಕಿದೆ. ಕ್ರಿಸ್‌ಮಸ್ಸಿನ ಹಾಡುಗಳಿಗೆ ಇನ್ನೂ ಸಮಯವಿತ್ತು. ನನ್ನ ಸ್ಲೈಡು ಅಲುಗದಿದ್ದರೆ ಆ ಅಜ್ಜ ಮತ್ತೆ ಹಾಡುತ್ತಾರೆ, ಅಲುಗಿದರೆ ಕೊನೆಯ ಬೆಂಚಿನಲ್ಲೇ ಉಳಿಯುತ್ತಾರೆ. ಕೈಕೆಲಸದ ತರಗತಿಗೆ ಸೇರಿ ಇಂಥ ಹೊರೆ ಹೊರುತ್ತೇನೆಂದು ಯಾರು ಕಂಡಿದ್ದರು!

ಹಾಗಾಗಿ ಚುಕ್ಕೆ ಚುಕ್ಕೆಯಾಗಿ ಸವರಿದೆ. ಕಚ್ಚಿಸಿದೆ, ಸವರಿದೆ, ಮತ್ತೆ ಕಚ್ಚಿಸಿದೆ. ಒಂದು ಸಂಜೆ ಸ್ಲೈಡು ಸದ್ದಿಲ್ಲದೆ ಜಾರಿ ಕುಳಿತಾಗ ಮೈಯೆಲ್ಲ ಜುಮ್ಮೆಂದಿತು. ಇನ್ನುಳಿದದ್ದು ಹೊಳಪು ಮತ್ತು ಬಣ್ಣ. ಎಮರಿ ಕಾಗದದಿಂದ ಉಜ್ಜಿ ಉಜ್ಜಿ ಉಕ್ಕಿನಲ್ಲಿ ನನ್ನ ಮೂಗು ಕಾಣುವಷ್ಟು ಮಾಡಿದೆ. ಬಣ್ಣವೆಂದರೆ ಮೇಲೆ ಬಳಿಯುವ ಬಣ್ಣವಲ್ಲ, ಉಕ್ಕೇ ಕಡುನೀಲಿಗೆ ತಿರುಗುವಂತೆ ಮಾಡುವುದು. ಅದಕ್ಕೆ ಉಕ್ಕು ಚೊಕ್ಕಟವಾಗಿರಬೇಕು, ಬರಿಗೈ ಸೋಕಲೇಬಾರದು, ಗ್ಲೋವ್ಸ್ ಬೇಕೇ ಬೇಕು. ಇದನ್ನು ಮಾಸ್ತರರು ಎಲ್ಲರಿಗೂ ಒಮ್ಮೆ ಹೇಳಿದರು, ನನ್ನ ಮುಖ ನೋಡಿ ಇನ್ನೊಮ್ಮೆ ಹೇಳಿದರು.

ಆ ವಾರವೇ ನಮ್ಮ ಬೀದಿಯ ಮೈಸೂರಿನ ಮುಸ್ಲಿಂ ಆಂಟಿ ಒಂದು ಚೀಲ ನಿಂಬೆಹಣ್ಣು ತಂದು ಇಳಿಸಿದರು. "ಸೇಲಲ್ಲಿತ್ತು ಕಣಮ್ಮ, ತುಂಬಾ ತಗೊಂಡ್ಬಿಟ್ಟೆ. ನಿಮ್ಮ ಕಡೆ ಥರ ಖಾರವಾಗಿ ಉಪ್ಪಿನಕಾಯಿ ಹಾಕು, ಅರ್ಧ ನಂಗೆ." ಕ್ಲಾಸಿನ ದಿನ ಮಧ್ಯಾಹ್ನ ಕುಳಿತು ಹೆಚ್ಚಿದೆ, ಉಪ್ಪು ಖಾರ ಹಾಕಿ ಬರಿಗೈಯಲ್ಲಿ ಕಲಸಿದೆ. ಉಪ್ಪಿನಕಾಯಿಯನ್ನು ಚಮಚದಲ್ಲಿ ಕಲಸುವವರ ಮನೆಯಲ್ಲಿ ನಾನು ಊಟ ಮಾಡುವುದಿಲ್ಲ. ಕೈ ತೊಳೆದೆ, ಹೋದೆ. ಗ್ಲೋವ್ಸ್ ಹಾಕಿಕೊಂಡೇ ಉಜ್ಜಿದೆ. ಮುಗಿದ ಮೇಲೆ ನುಣುಪು ಸರಿಯಾಗಿದೆಯೇ ಎಂದು ನೋಡಬೇಕಲ್ಲ? ಅಂಗಡಿಯ ಸೀರೆಯಿಂದ ಹಿಡಿದು ಬದನೆಕಾಯಿಯವರೆಗೆ ಕೈಯಿಂದ ಮುಟ್ಟದೆ ಏನನ್ನೂ ನಂಬದ ಜಾತಿ ನಮ್ಮದು. ಮಾಸ್ತರರು ಅತ್ತ ತಿರುಗಿದಾಗ ಗ್ಲೋವ್ಸ್ ತೆಗೆದು, ಸ್ಲೈಡಿನ ನೆತ್ತಿಯ ಮೇಲೆ ಹೆಬ್ಬೆರಳು ಒತ್ತಿ, ಅದು ಜಾರುವ ಕಾಲುವೆಯೊಳಗೂ ಒಮ್ಮೆ ಬೆರಳಾಡಿಸಿ, ತೃಪ್ತಿಯಿಂದ ಬೀರುವಿನಲ್ಲಿಟ್ಟು ಬಂದೆ.

ಮರುವಾರ ಬೀರು ತೆರೆದೆ. ಕನ್ನಡಿಯಂಥ ಉಕ್ಕಿನ ಮೇಲೆ ಕಂದು ಬಣ್ಣದ ತುಕ್ಕಿನಲ್ಲಿ ನನ್ನ ಹೆಬ್ಬೆರಳು, ಗೆರೆ ಗೆರೆಯೂ ಎಣಿಸುವಂತೆ, ಅಚ್ಚೊತ್ತಿ ಕುಳಿತಿತ್ತು. ಉಪ್ಪು, ನಿಂಬೆಯ ಹುಳಿ, ಮೇಲೆ ಒಂದು ವಾರದ ಸಾವಕಾಶ. ತುಕ್ಕು ಹಿಡಿಯಲು ಇನ್ನೇನು ಬೇಕು? ಬಸ್ಸಿನ ಹೆಂಗಸು ಬಗ್ಗಿ ಮೂಸಿ, "ವಾಸನಿ ಮಾತ್ರ ಚಲೋ ಐತಿ," ಎಂದಳು. ಮಾಸ್ತರರು ಕನ್ನಡಕ ಏರಿಸಿ ನೋಡಿದರು. "ಮುಂದ ಎಂದರ ಈ ಪಿಸ್ತೂಲಿಂದ ಏನರ ಆದ್ರ, ಪೊಲೀಸರಿಗೆ ನೀವು ಭಾಳ ತ್ರಾಸು ಕೊಡಂಗಿಲ್ಲ, ಬಾಯಾರ."

ನೆತ್ತಿಯ ಗುರುತಿನ ಚಿಂತೆ ನನಗಿರಲಿಲ್ಲ. ಕಾಲುವೆಯೊಳಗೂ ತುಕ್ಕಿತ್ತು. ಅದನ್ನು ಉಜ್ಜಿ ತೆಗೆದರೆ ತುಕ್ಕಿನ ಜೊತೆ ಎಳೆಯಷ್ಟು ಉಕ್ಕೂ ಹೋಗುತ್ತದೆ, ಉಕ್ಕು ಹೋದರೆ ಸಡಿಲ, ಸಡಿಲವಾದರೆ ಟಕ್. ಉಸಿರು ಬಿಗಿಹಿಡಿದು ಉಜ್ಜಿದೆ. ತುಕ್ಕು ಹೋಯಿತು. ನೀಲಿ ಬಣ್ಣವೂ ಚೆನ್ನಾಗಿ ಹಿಡಿಯಿತು, ಹೆಬ್ಬೆರಳು ಮಾತ್ರ ನೀಲಿಯೊಳಗೆ ಇನ್ನೂ ಗಾಢ ನೀಲಿಯಾಗಿ ಎದ್ದು ಬಂತು. ಸ್ಲೈಡನ್ನು ಕೂಡಿಸಿದಾಗ ಮೊದಲಿನಷ್ಟೇ ಬಿಗಿಯಿದೆಯೇ ಇಲ್ಲವೇ ನನಗೇ ತಿಳಿಯಲಿಲ್ಲ. ಅಲ್ಲಾಡಿಸಿ ನೋಡುವ ಧೈರ್ಯವಾಗಲಿಲ್ಲ. ಊರಿನ ಡಬ್ಬಿಗಳನ್ನೆಲ್ಲ ಅಲ್ಲಾಡಿಸಿದವಳು ಅದೊಂದನ್ನು ಮಾತ್ರ ಹಾಗೇ ಬೀರುವಿನಲ್ಲಿಟ್ಟು ಬಂದೆ.

ಕೊನೆಯ ಕ್ಲಾಸು ಬಂತು. ಎಲ್ಲರ ಪಿಸ್ತೂಲುಗಳೂ ಮೇಜಿನ ಮೇಲೆ ಸಾಲಾಗಿದ್ದವು. ಮಾಸ್ತರರು ಒಂದೊಂದನ್ನೂ ಖಾಲಿ ಎಂದು ಖಚಿತ ಮಾಡಿಕೊಂಡು, ಕಿವಿಗೆ ಹಿಡಿದು ಅಲ್ಲಾಡಿಸಿದರು. ಒಂದು ಪಾಸು, ಒಂದು ಫೇಲು, ಬಸ್ಸಿನ ಹೆಂಗಸಿನದು ಪಾಸು. ಆಮೇಲೆ ನನ್ನದನ್ನು ಎತ್ತಿಕೊಂಡರು. ಅಲ್ಲಾಡಿಸಿದರು.

ಟಕ್.

ನನ್ನ ಮುಖ ಜೋತುಬಿತ್ತು. ಮಾಸ್ತರರು ಅದನ್ನೇ ನೋಡುತ್ತಿದ್ದರು. ಪಿಸ್ತೂಲನ್ನು ಮೆಲ್ಲಗೆ ಕೆಳಗಿಟ್ಟು, "ಸಪ್ಪಳ ಐತ್ರೀ, ಬಾಯಾರ. ಫೇಲು," ಎಂದರು. ಎನ್ನುವಾಗ ಇನ್ನೊಂದು ಟಕ್. ಎರಡೂ ಒಂದೇ ಸದ್ದು, ಒಂದೇ ಜಾಗದಿಂದ. ನನ್ನ ತಲೆ ಕಾದುಹೋಯಿತು.

"ಅದು ಪಿಸ್ತೂಲಲ್ರೀ, ನಿಮ್ಮ ಹಲ್ಲು! ಕೈ ಅಳ್ಳಾಡ್ಸಿದ್ರ ತಲಿ ಅಳ್ಳಾಡ್ತೈತಿ, ತಲಿ ಅಳ್ಳಾಡಿದ್ರ ಹಲ್ಲು! ನಂಬಿಕಿ ಇಲ್ಲಂದ್ರ ಅವನ್ನ ತಗದಿಟ್ಟು ಇನ್ನೊಮ್ಮೆ ಅಳ್ಳಾಡ್ಸಿರಿ!"

ಯಾರೋ ಉಸಿರೆಳೆದುಕೊಂಡರು. ಆ ಊರಿನಲ್ಲಿ ಅಂಥ ಮಾತನ್ನು ಅಷ್ಟು ಗಟ್ಟಿಯಾಗಿ ಯಾರೂ ಆಡಿರಲಿಕ್ಕಿಲ್ಲ. ಮಾಸ್ತರರು ಗೋಡೆಯ ಕಡೆ ತಿರುಗಿದರು, ಬಾಯಿಗೆ ಕೈ ಹಾಕಿದರು, ತೆಗೆದದ್ದನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ಇಳಿಸಿ ಗುಂಡಿ ಹಾಕಿದರು. ಕೆನ್ನೆ ಒಳಗೆ ಹೋದ ಮುಖದಿಂದ ತಿರುಗಿ ನಿಂತು, ಪಿಸ್ತೂಲನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು.

ಏನೂ ಇಲ್ಲ. ಒಂದು ಚೂರೂ ಇಲ್ಲ. ನಾನು ಕುಣಿಯುವವಳಿದ್ದೆ. ಆದರೆ ಮಾಸ್ತರರು ಪಾಸೂ ಎನ್ನಲಿಲ್ಲ, ಫೇಲೂ ಎನ್ನಲಿಲ್ಲ. ಅವರ ಕಣ್ಣು ಪಿಸ್ತೂಲಿನ ಮೇಲಿರಲಿಲ್ಲ. ನಮ್ಮ ಮುಖಗಳ ಮೇಲಿತ್ತು. ಒಂದರಿಂದ ಇನ್ನೊಂದಕ್ಕೆ ಹೋಗುತ್ತ, ಪ್ರತಿಯೊಂದರ ಮೇಲೂ ತುಸು ನಿಂತು, ಕೊನೆಗೆ ನನ್ನ ಮುಖಕ್ಕೆ ಬಂತು. ಆಗ ನನಗೆ ಹೊಳೆಯಿತು. ಆ ಮನುಷ್ಯನಿಗೆ ಕೇಳುತ್ತಲೇ ಇರಲಿಲ್ಲ. ಜೀವಮಾನವೆಲ್ಲ ಬಂದೂಕುಗಳ ಪಕ್ಕ ನಿಂತ ಕಿವಿ ಅದು. ನಮ್ಮ ಮಾತು, ಹಾಡು, ದಪ್ಪ ದನಿಗಳು ಅದಕ್ಕೆ ದಕ್ಕುತ್ತಿದ್ದವು. ಟಕ್ ಎನ್ನುವಂಥ ಸಣ್ಣ ಚೂಪು ಸದ್ದು ಅದನ್ನು ಬಿಟ್ಟು ಯಾವ ಕಾಲವಾಗಿತ್ತೋ. ಪಿಸ್ತೂಲು ಸದ್ದು ಮಾಡಿತೇ ಇಲ್ಲವೇ ಎಂದು ಅವರು ಇಷ್ಟು ದಿನ ಎದುರಿಗಿದ್ದವರ ಮುಖದಲ್ಲಿ ಓದಿಕೊಳ್ಳುತ್ತಿದ್ದರು.

"ಪಾಸು," ಎಂದರು, ಹಲ್ಲಿಲ್ಲದ ಬಾಯಿಂದ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎಲ್ಲರೂ ಹೋಗುವವರೆಗೆ ಮೇಜು ಒರೆಸುತ್ತ ನಿಂತೆ. ಮಾಸ್ತರರು ಸ್ಟೂಲಿನ ಮೇಲೆ ಕುಳಿತು, ಗುಂಡಿ ಬಿಚ್ಚಿ, ಸೆಟ್ಟನ್ನು ಬಾಯಿಗೆ ಸೇರಿಸಿಕೊಂಡರು. ಅದನ್ನು ಮತ್ತೆ ಟಕ್ ಎನ್ನಿಸಿ ನನ್ನ ಮುಖ ನೋಡಿದರು.

"ಈಗೂ ಬಂತೇನ್ರಿ?"

"ಬಂತ್ರೀ."

"ಚರ್ಚಿನ್ಯಾಗೂ ಹಿಂಗ ಬರ್ತಿತ್ತೇನು?"

"ಮೈಕಿನ್ಯಾಗ ಬರ್ತಿತ್ತಂತ್ರೀ. ಅದಕ್ಕ ನಿಮ್ಮನ್ನ ಬ್ಯಾಡಂದ್ರು."

ಬೈಯುತ್ತಾರೆ ಎಂದುಕೊಂಡೆ. ಅವರು ಸ್ಟೂಲಿನಿಂದ ಎದ್ದು ನಿಂತರು. "ಹಂಗಾರ ನನ್ನ ದನಿ ಹೋಗಿಲ್ಲೇನ್ರಿ?"

"ದನಿ ಗಟ್ಟಿಮುಟ್ಟ ಐತ್ರೀ, ಮಾಸ್ತರ. ಕೆಟ್ಟದ್ದು ಹಲ್ಲು. ಕಿವಿಗೂ ಒಂದು ಮಷೀನು ಹಾಕಸ್ಕೋರಿ."

"ಒಮ್ಮಿಗೆ ಒಂದ ಪಾರ್ಟು, ಬಾಯಾರ," ಎಂದರು.

ಕರಾರಿನ ಪ್ರಕಾರ ಕ್ಲಿನಿಕ್ಕಿಗೆ ಬಂದರು. ಕುರ್ಚಿಯಲ್ಲಿ ಒರಗಿದ ಕೂಡಲೇ ಎರಡೂ ಹಿಡಿಗಳನ್ನು ಬೆರಳು ಬೆಳ್ಳಗಾಗುವಂತೆ ಹಿಡಿದರು. ಕನ್ನಡಿ ತೋರಿಸಿದರೆ ಕಣ್ಣು ಮುಚ್ಚಿದರು. ಅಳತೆ ತೆಗೆದೆ, ಮೇಣದಲ್ಲಿ ಜೋಡಿಸಿದೆ, ಹೊಸ ಸೆಟ್ಟು ಸಿದ್ಧವಾದ ದಿನ ಹಲ್ಲಿನ ನಡುವೆ ನೀಲಿ ಕಾಗದವಿಟ್ಟೆ. "ನಿಧಾನಕ್ಕೆ ಕಚ್ಚಿ. ಈಗ ಅಕ್ಕಪಕ್ಕ ಉಜ್ಜಿ," ಎಂದಾಗ ಕಾಗದದ ಸಂದಿಯಿಂದಲೇ, "ನನಗೂ ನೀಲಿ ಬಣ್ಣ ಕೊಡ್ತೀರೇನು?" ಎಂದು ಕೇಳಿದರು. ಎರಡು ಕಡೆ ಸವರಿದೆ. ಮತ್ತೆ ಕಚ್ಚಿಸಿದೆ. ಸರಿಯಾಯಿತು ಎನಿಸಿತು, ಆದರೆ ಮಾತಿಗೆ ನಿಲ್ಲುವ ಸೆಟ್ಟು ಹಾಡಿಗೂ ನಿಲ್ಲಬೇಕಲ್ಲ.

"ಹಾಡ್ರಿ," ಎಂದೆ.

ಇಲ್ಲೇ? ಎನ್ನುವಂತೆ ಬಾಗಿಲ ಕಡೆ ನೋಡಿದರು. ನಾನು ಬಾಗಿಲು ಮುಚ್ಚಿದೆ. ಅವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಕತ್ತಿಗೆ ಕಟ್ಟಿದ, ಎದೆ ಮುಚ್ಚುವ ಕಾಗದದ ಬಿಬ್ಬನ್ನು ಸರಿಮಾಡಿಕೊಂಡು, ಕಣ್ಣು ಮುಚ್ಚಿ ಶುರುಮಾಡಿದರು. ಏನೋ ಹಳೆಯ ಭಜನೆಯಂಥ ಹಾಡು, ಅದರ ಕೆಳಗಿನ ದನಿ ಮಾತ್ರ. ಆ ದನಿ ನೆಲದ ಮೂಲಕ ಬಂದು ನನ್ನ ಪಾದಕ್ಕೆ ತಾಗಿತು. ಮೊದಲ ಸಾಲು ಮುಗಿಯಿತು. ಟಕ್ ಎನ್ನಲಿಲ್ಲ.

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಏನನ್ನೋ ಹುಡುಕುವಂತೆ ನೋಡಿದರು, ಸಿಗಲಿಲ್ಲ. ಹಣೆ ಗಂಟಾಯಿತು, ಕೈಗಳು ಮತ್ತೆ ಕುರ್ಚಿಯ ಹಿಡಿಗಳಿಗೆ ಹೋದವು. ಯಾಕೆಂದು ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನಾನು ಮಾಸ್ಕ್ ಹಾಕಿಕೊಂಡಿದ್ದೆ. ಕಣ್ಣಿನ ಕೆಳಗೆ ಅವರಿಗೆ ಓದಲು ಏನೂ ಇರಲಿಲ್ಲ.

ಮಾಸ್ಕನ್ನು ಗಲ್ಲಕ್ಕೆ ಇಳಿಸಿದೆ. ನನ್ನ ಮುಖ ಆಗ ಹೇಗಿತ್ತೋ ನನಗೆ ಗೊತ್ತಿಲ್ಲ, ಮೂಗಿನಲ್ಲಿ ನೀರಿಳಿಯುತ್ತಿತ್ತು ಎನ್ನುವುದಷ್ಟೇ ಗೊತ್ತು. ಮಾಸ್ತರರು ಅದನ್ನು ಚೆನ್ನಾಗಿ, ಸಾವಕಾಶವಾಗಿ ನೋಡಿದರು. ಆಮೇಲೆ ಎರಡನೆಯ ಸಾಲು ಹಾಡಿದರು.